ಹೊಗೆಯಿಂದ ಉರುವಲು: ಬಿಸಿಲಿನ ಹೊಸ ವಿದ್ಯೆ

ಮದ್ದೂರಿನಿಂದ ಮಳವಳ್ಳಿಯ ಕಡೆ ಹೊರಟರೆ ದಾರಿಯಲ್ಲಿ ಸಿಗುವುದು ಭಾರತೀನಗರ. ಬಸ್ಸಿನವರ ಬಾಯಲ್ಲಿ ಇಂದಿಗೂ ಅದು ಕೆ.ಎಂ. ದೊಡ್ಡಿಯೇ. ಕಬ್ಬು ಅರೆಯುವ ಕಾಲದಲ್ಲಿ ಅಲ್ಲಿನ ಸಕ್ಕರೆ ಕಾರ್ಖಾನೆಯ ಚಿಮಣಿ ಕಂಡಾಗ ನಮಗೆ ಅಡಕೆ ಬೇಯಿಸುವ ನಮ್ಮ ಒಲೆಯ ನೆನಪಾಗುತ್ತದೆ. ಕಬ್ಬಿನ ಸಿಪ್ಪೆ ಸುಟ್ಟರೂ ಸೌದೆ ಸುಟ್ಟರೂ ಹೊರಬೀಳುವುದು ಇಂಗಾಲದ ಡೈಆಕ್ಸೈಡೇ. ಈ ಅನಿಲವನ್ನು ಬಿಸಿಲಿನ ಬಲದಿಂದ ಮತ್ತೆ ಉರುವಲು ಮಾಡಬಹುದಂತೆ, ನಿಜವೇ ಎಂದು ಸದಸ್ಯ ಬಾಂಧವರು ಕೇಳುವುದುಂಟು.

ನಿಜ. ಎಷ್ಟು ಸಿಗುತ್ತದೆ ಎಂಬುದೇ ಪ್ರಶ್ನೆ.

ಈ ಅನಿಲವೆಂದರೆ ಇಂಗಾಲ ಉರಿದು ಉಳಿದ ಬೂದಿ ಇದ್ದ ಹಾಗೆ. ಅದು ಮತ್ತೆ ಉರಿಯಬೇಕಾದರೆ, ಉರಿದಾಗ ಹೋದ ಶಕ್ತಿಯನ್ನು ಹಿಂದಕ್ಕೆ ಕೊಡಬೇಕು. ಎಲೆ ಅದನ್ನು ಬಿಸಿಲಿನಿಂದ ಪಡೆಯುತ್ತದೆ. 1979ರಲ್ಲಿ ಜಪಾನಿನ ಇನೋವೆ, ಫುಜಿಶಿಮಾ, ಹೋಂಡಾ ಮೊದಲಾದವರು ಎಲೆಯ ಬದಲು ಪುಡಿಯನ್ನು ಹಿಡಿದರು. ಬಿಳಿ ಪೇಂಟಿಗೆ ಹಾಕುವ ಟೈಟಾನಿಯಂ ಡೈಆಕ್ಸೈಡಿನಂಥ ಪುಡಿಗಳನ್ನು ನೀರಿನಲ್ಲಿ ಕದಡಿ, ಅನಿಲ ಹಾಯಿಸಿ, ಬೆಳಕು ಬಿಟ್ಟರು. ಮೆಥನಾಲ್, ಮೀಥೇನ್ ಮುಂತಾದವು ಅಲ್ಪಸ್ವಲ್ಪ ಹುಟ್ಟಿದವು. ತಾನು ಖರ್ಚಾಗದೆ ಕೆಲಸ ನಡೆಸುವ ಇಂಥ ಪುಡಿಗೆ ಕ್ರಿಯಾವರ್ಧಕವೆಂದು ಹೆಸರು. ಆದರೆ ಟೈಟಾನಿಯಂ ಪುಡಿಗೆ ದಕ್ಕುವುದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಮಾತ್ರ. ಬಿಸಿಲಿನಲ್ಲಿ ಅದು ನೂರಕ್ಕೆ ಐದು ಪಾಲಿನಷ್ಟು. ಕಾಣುವ ಬೆಳಕನ್ನೇ ಹಿಡಿಯುವ ವಸ್ತುಗಳನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ತಪಸ್ ಮಾಜಿಯವರ ತಂಡ ಸಿದ್ಧಪಡಿಸಿ, ಈ ಅನಿಲದಿಂದ ಮೀಥೇನ್ ತೆಗೆದಿದೆ. ಆದರೂ ಇದು ಇನ್ನೂ ಪ್ರಯೋಗಶಾಲೆಯ ಗಾಜಿನ ಪಾತ್ರೆಯ ಮಾತು.

ಗಾಳಿಯಲ್ಲಿ ಈ ಅನಿಲ ಹತ್ತು ಸಾವಿರಕ್ಕೆ ನಾಲ್ಕು ಪಾಲು ಮಾತ್ರ. ಅದನ್ನು ಒಟ್ಟುಮಾಡುವ ಖರ್ಚೇ ಬಹಳ. ಕಾಕಂಬಿಯಿಂದ ಮದ್ಯಸಾರ ತೆಗೆಯುವಲ್ಲಿ ಹಾಗಲ್ಲ. ಒಂದು ಕಿಲೋ ಮದ್ಯಸಾರಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ಅನಿಲ, ಅದೂ ಬಹುಮಟ್ಟಿಗೆ ಶುದ್ಧವಾದದ್ದು, ತಾನಾಗಿ ಏಳುತ್ತದೆ. ಆದ್ದರಿಂದ ಯಂತ್ರವೆಂಬುದು ಬಂದರೂ ಮೊದಲು ಕಬ್ಬಿನ ಸೀಮೆಗೆ ಬಂದೀತೇ ಹೊರತು ನಮ್ಮ ತೋಟಗಳಿಗಲ್ಲ ಎಂದು ನಮ್ಮ ಎಣಿಕೆ. ತೋಟಕ್ಕೇ ಹಾಕಿಸಿಕೊಡುತ್ತೇವೆಂದು ಯಾರಾದರೂ ಮುಂಗಡ ಕೇಳಿದರೆ ಸದಸ್ಯರು ಕೊಡಲಾಗದು.

ಅಂದ ಹಾಗೆ, ಜಕ್ಕೂರಿನಲ್ಲಿ ತೆಗೆದ ಮೀಥೇನ್ ನಮಗೆ ಹೊಸದಲ್ಲ. ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ. ದಿನಕ್ಕೆ ಐವತ್ತು ಕಿಲೋ ಸಗಣಿ ಹಾಕಿದರೆ ಎರಡು ಘನಮೀಟರಿನಷ್ಟು ಗ್ಯಾಸು ಬರುತ್ತದೆ. ಅಡಕೆಯ ಹಂಡೆಗೆ ಅದು ಸಾಲದು. ಐದಾರು ಜನರ ಅಡುಗೆಗೆ ಸಾಕು.