ಜೋಮು ಹಿಡಿಯುವ ಕೈಗೆ ರಾತ್ರಿಯ ಪಟ್ಟಿ

ಸಿಂಧನೂರು ತಾಲ್ಲೂಕಿನ ಜವಳಗೇರಾ, ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಯ ಊರು. ಹೊಲದಲ್ಲಿ ಭತ್ತ ನಾಟಿ, ಹತ್ತಿ ಬಿಡಿಸುವುದು, ಮನೆಗೆ ಬಂದರೆ ಜೋಳದ ರೊಟ್ಟಿ ಬಡಿಯುವುದು: ಈ ಸೀಮೆಯ ಹೆಣ್ಣುಮಕ್ಕಳ ಮಣಿಕಟ್ಟಿಗೆ ಹಗಲೆಲ್ಲ ಬಿಡುವಿಲ್ಲ. ಹೀಗೆ ದುಡಿಯುವ ಕೈ ನಡುರಾತ್ರಿ ಜೋಮು ಹಿಡಿದು ಎಬ್ಬಿಸುತ್ತದೆ, ಕೊಡವಿದರೆ ತುಸು ಹಗುರಾಗುತ್ತದೆ ಎಂದರೆ ಬೆರಳುಗಳನ್ನು ಗಮನಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿದು ಕಿರುಬೆರಳು ಮಾತ್ರ ಸರಿಯಾಗಿದ್ದರೆ ಅದು ಕಾರ್ಪಲ್ ಟನಲ್ ಸಿಂಡ್ರೋಮ್ ಇರಬಹುದು.

ಮಣಿಕಟ್ಟಿನಲ್ಲಿ ಕೆಳಗೆ ಎಲುಬು, ಮೇಲೆ ಗಟ್ಟಿ ಅಸ್ಥಿರಜ್ಜು. ನಡುವಿನ ಇಕ್ಕಟ್ಟು ದಾರಿಯಲ್ಲಿ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಹಾದುಹೋಗುತ್ತದೆ. ಅಮೆರಿಕದ ವೈದ್ಯರು 1981ರಲ್ಲಿ ಅಳೆದು ನೋಡಿದಾಗ, ಆರೋಗ್ಯವಂತರಲ್ಲಿ ಈ ದಾರಿಯೊಳಗಿನ ಒತ್ತಡ ಸರಾಸರಿ 2.5 ಮಿಲಿಮೀಟರ್ ಪಾದರಸದಷ್ಟಿತ್ತು, ರೋಗಿಗಳಲ್ಲಿ 32. ರೋಗಿ ಮಣಿಕಟ್ಟು ಪೂರ್ತಿ ಮಡಿಸಿದರೆ ಅದು 94ಕ್ಕೆ, ಹಿಂದಕ್ಕೆ ಬಾಗಿಸಿದರೆ 110ಕ್ಕೆ ಏರಿತು. ನಿದ್ದೆಯಲ್ಲಿ ಕೈ ಮಡಿಸಿಕೊಂಡು ಮಲಗುವುದು ನಮಗೆ ಗೊತ್ತೇ ಆಗುವುದಿಲ್ಲ.

ಮೊದಲ ಚಿಕಿತ್ಸೆ ಈ ಲೆಕ್ಕಕ್ಕೆ ಹೊಂದುವಂಥದ್ದೇ. ರಾತ್ರಿ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿ, ಅಂದರೆ ಸ್ಪ್ಲಿಂಟ್, ಕಟ್ಟಿಕೊಂಡು ಮಲಗಬೇಕು, ಬೆರಳುಗಳು ಆಡುವಂತಿರಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಪಟ್ಟಿಗಳ ಒಳಗಿನ ತಗಡು ಮೇಲಕ್ಕೆ ಬಾಗಿರುತ್ತದೆ, ಅದನ್ನು ನೆಟ್ಟಗೆ ಮಾಡಿಸಬೇಕು. ಕನಿಷ್ಠ ಆರು ವಾರ ಬಿಡದೆ ಕಟ್ಟಬೇಕು. 'ಕೈಗೆ ವಿಶ್ರಾಂತಿ ಕೊಡಿ' ಎಂಬ ಸಲಹೆ ದಿನಗೂಲಿಯವರಿಗೆ ನಡೆಯುವ ಮಾತಲ್ಲ. ಈ ಪಟ್ಟಿಗೆ ಬೇಕಾದದ್ದು ರಾತ್ರಿ ಮಾತ್ರ, ಕೂಲಿ ತಪ್ಪುವುದಿಲ್ಲ.

ಪಟ್ಟಿಯಿಂದ ಗುಣ ಕಾಣದಿದ್ದರೆ ವೈದ್ಯರು ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಇಂಗ್ಲೆಂಡಿನಲ್ಲಿ 234 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ವಾರಕ್ಕೆ ಇಂಜೆಕ್ಷನ್ ಪಡೆದವರೇ ಹೆಚ್ಚು ಸುಧಾರಿಸಿದ್ದರು. ಆರು ತಿಂಗಳಿಗೆ ಇಂಜೆಕ್ಷನ್ನಿಗೂ ಪಟ್ಟಿಗೂ ಅಂಥ ವ್ಯತ್ಯಾಸ ಉಳಿಯಲಿಲ್ಲ. ಬೇಗ ಆರಾಮ ಬೇಕಾದವರಿಗೆ ಇಂಜೆಕ್ಷನ್ ಸರಿ, ಆದರೆ ಅದರ ಗುಣ ಕೊನೆತನಕ ನಿಲ್ಲುತ್ತದೆ ಎಂಬ ಭರವಸೆಯಿಲ್ಲ. ನೋವಿನ ಗುಳಿಗೆಯಾಗಲಿ, ಬಿ6 ವಿಟಮಿನ್ನಾಗಲಿ ಈ ಕಾಯಿಲೆಗೆ ನಾಟುವುದಿಲ್ಲ. ಅವುಗಳಿಗೆ ಸುರಿಯುವ ದುಡ್ಡನ್ನು ಪಟ್ಟಿಗೆ ಹಾಕುವುದು ಮೇಲು.

ಕೆಲಸವೊಂದೇ ಕಾರಣವಲ್ಲ. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಕೀಲುವಾತ ಇದ್ದರೂ ನರ ಒತ್ತಿಕೊಳ್ಳುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಮೂಲ ಕಾಯಿಲೆಗೂ ಔಷಧ ಪಡೆಯಬೇಕು. ಬಸಿರಿನಲ್ಲಿ ಬಂದದ್ದು ಸಾಮಾನ್ಯವಾಗಿ ಹೆರಿಗೆಯಾದ ಮೇಲೆ ಇಳಿಯುತ್ತದೆ.

ಇಷ್ಟೆಲ್ಲ ಜೋಮು ಬಂದು ಹೋಗುತ್ತಿರುವವರಿಗೆ. ಹಗಲೂ ರಾತ್ರಿ ಜೋಮು ಬಿಡದಿದ್ದರೆ, ಕೈಯಲ್ಲಿದ್ದ ವಸ್ತು ಜಾರುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ ಪಟ್ಟಿ ಕಟ್ಟಿಕೊಂಡು ಕಾಯಬಾರದು. ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ನರಪರೀಕ್ಷೆ ಎಲ್ಲಿ ಆಗುತ್ತದೆಂದು ಕೇಳಿಕೊಳ್ಳಬೇಕು. ಕರಗಿದ ಮಾಂಸ, ನರದ ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆಯ ನಂತರವೂ ಪೂರ್ತಿ ಮರಳುವುದು ಕಷ್ಟ.