ಅಜ್ಜನ ಹೆಸರಷ್ಟೇ ಗೊತ್ತೇ? ವಂಶದ ಮೂಲ ಹುಡುಕಲು ಇವೆ ದಾರಿಗಳು

ರಾಯಚೂರು: ‘ಅಜ್ಜ ದೇವದುರ್ಗದ ಕಡೆಯವರು’. ಊರು ಬಿಟ್ಟು ನಗರ ಸೇರಿದ ಅನೇಕ ಕುಟುಂಬಗಳಲ್ಲಿ ಪೂರ್ವಿಕರ ಬಗ್ಗೆ ಉಳಿದಿರುವುದು ಇಷ್ಟೇ ಮಾಹಿತಿ. ಬರಗಾಲದಲ್ಲಿ ಗುಳೆ ಹೋದವರ ಮನೆಗಳಲ್ಲಂತೂ ಮುತ್ತಜ್ಜನ ಹೆಸರು ಬಲ್ಲವರು ವಿರಳ. ಅಜ್ಜನ ಹೆಸರಿನಲ್ಲೇ ಉಳಿದ ಜಮೀನಿಗೆ ಪೌತಿ ಖಾತೆ ಮಾಡಿಸಲು ವಂಶವೃಕ್ಷ ಸಲ್ಲಿಸಬೇಕಾದಾಗ ಈ ಮರೆವಿನ ಬೆಲೆ ತಿಳಿಯುತ್ತದೆ.

ಮೊದಲು ಹಿರಿಯರು

ಹುಡುಕಾಟ ಕಚೇರಿಯಿಂದಲ್ಲ, ಮನೆಯಿಂದ ಆರಂಭವಾಗಬೇಕು. ಮನೆದೇವರು ಯಾವುದು, ಜಾತ್ರೆಗೆ ಯಾವ ಊರಿಗೆ ಹೋಗುತ್ತಿದ್ದರು, ಹೆಣ್ಣು ಕೊಟ್ಟು ತಂದ ಊರುಗಳು ಯಾವುವು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಮೂಲ ಗ್ರಾಮ ಖಚಿತವಾದರೆ ಅರ್ಧ ಕೆಲಸ ಮುಗಿದಂತೆ. ಕುಲಕರ್ಣಿ, ಪಾಟೀಲ, ತಳವಾರ ಮುಂತಾದ ಅಡ್ಡಹೆಸರುಗಳು ಮನೆತನದ ಹಳೆಯ ವೃತ್ತಿಯ ಸುಳಿವು ನೀಡಬಹುದು. ಆದರೆ ಅಡ್ಡಹೆಸರೊಂದೇ ಪುರಾವೆಯಾಗದು.

ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಊರೂರು ಸುತ್ತಿ, ತಮಗೆ ಸೇರಿದ ಮನೆತನಗಳ ವಂಶಾವಳಿ ಹಾಡಿ ಹೇಳುತ್ತ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸುತ್ತ ಬಂದವರು. ಎಲ್ಲ ಸಮುದಾಯಗಳಿಗೂ ಹೆಳವರಿಲ್ಲ. ಇರುವ ಮನೆತನಗಳಿಗೆ ಅವರ ಹೊತ್ತಿಗೆಗಳು ಅಮೂಲ್ಯ ಆಕರ.

ಪಹಣಿಯಿಂದ ಹಿಂದಕ್ಕೆ

ಇಂದಿನ ಪಹಣಿಯ ಸರ್ವೆ ಸಂಖ್ಯೆ ಹಿಡಿದು ಹಕ್ಕು ಬದಲಾವಣೆ ವಹಿಗಳನ್ನು ನೋಡುತ್ತ ಹಿಂದಕ್ಕೆ ಹೋಗುವುದು ಸುಲಭ ಕ್ರಮ. ತಹಶೀಲ್ದಾರ್ ಕಚೇರಿಯ ಅಭಿಲೇಖಾಲಯದಲ್ಲಿ ದೃಢೀಕೃತ ನಕಲು ಕೋರಬಹುದು. ಈ ಭಾಗದಲ್ಲಿ 1954-55ರ ಖಾಸ್ರಾ ಪಹಣಿ ಮುಖ್ಯ ದಾಖಲೆ. ಅಜ್ಜ ಓದಿದ ಶಾಲೆಯ ದಾಖಲಾತಿ ವಹಿಯಲ್ಲಿ ಅವರ ತಂದೆಯ ಹೆಸರು ಸಿಗುವ ಸಾಧ್ಯತೆಯಿದೆ.

ಇನ್ನೂ ಹಿಂದಕ್ಕೆ ಹೋದರೆ ಭಾಷೆ ಬದಲಾಗುತ್ತದೆ. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಹಳೆಯ ಕಾಗದಗಳು ಹೆಚ್ಚಾಗಿ ಉರ್ದುವಿನಲ್ಲಿವೆ, ಇಸವಿ ಫಸಲಿಯಲ್ಲಿದೆ. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಕ್ರಿಸ್ತಶಕ ದೊರೆಯುತ್ತದೆ: ಫಸಲಿ 1347 ಎಂದರೆ 1937-38. ಇನಾಮು, ಜಾಗೀರು ಹೊಂದಿದ್ದ ಮನೆತನದವರು ಹೈದರಾಬಾದಿನಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲೂ ವಿಚಾರಿಸಬಹುದು.

ಎಚ್ಚರಿಕೆ ಅಗತ್ಯ

ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಹೆಸರು ತಲೆಮಾರು ಬಿಟ್ಟು ಮರಳುತ್ತದೆ. ಹೆಸರಿನ ಜೊತೆ ತಂದೆಯ ಹೆಸರು, ಗ್ರಾಮ, ಸರ್ವೆ ಸಂಖ್ಯೆ ಹೊಂದಿದರೆ ಮಾತ್ರ ಒಪ್ಪಿಕೊಳ್ಳಬೇಕು.

ಹಳೆಯ ಜಮೀನು ದಾಖಲೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಕಾಣುವುದು ಅಪರೂಪ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ನೀಡಿದೆ. ಆದ್ದರಿಂದ ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟುಹೋದರೆ ಅದು ಕೇವಲ ಮರೆವಲ್ಲ, ಹಕ್ಕಿನ ಲೋಪ. ತವರಿನ ಕಡೆಯ ಸೋದರತ್ತೆಯರ ಹೆಸರು ಹೇಳಬಲ್ಲವರು ಮನೆಯ ಅಜ್ಜಿಯರೇ. ಕಾಗದಗಳು ಕಚೇರಿಯಲ್ಲಿ ಕಾದಿರಬಹುದು. ಅಜ್ಜಿಯ ನೆನಪು ಕಾಯುವುದಿಲ್ಲ.