ಮನಸ್ಸಿನ ಅಳತೆ: ಕಠೋಪನಿಷತ್ತಿನಿಂದ ಸದಾಶಿವ ಪೇಠದವರೆಗೆ

ಮನಸ್ಸೆಂದರೇನು ಎಂಬ ಪ್ರಶ್ನೆಯು ಎಷ್ಟು ಪುರಾತನವೋ, ಅದನ್ನು ಅಳೆಯಬಹುದೇ ಎಂಬ ಪ್ರಶ್ನೆಯು ಅಷ್ಟೇ ಅರ್ವಾಚೀನವಾದುದು. ಮೊದಲನೆಯದರಿಂದ ಎರಡನೆಯದಕ್ಕೆ ಬಂದ ದಾರಿಯೇ ಮನಶ್ಶಾಸ್ತ್ರದ ಇತಿಹಾಸ. ಆ ದಾರಿಯ ಒಂದು ಮಹತ್ವದ ಘಟ್ಟವು ಕನ್ನಡ-ಮರಾಠಿಗಳ ನೆರೆಹೊರೆಯಲ್ಲಿಯೇ ಇರುವದು ಪುಣೆಯ ಕನ್ನಡಿಗರು ಗಮನಿಸತಕ್ಕ ಸಂಗತಿ.

ಪ್ರಾಚೀನ ಭಾರತೀಯರು ಮನಸ್ಸನ್ನು ಅಳೆಯಹೋಗಲಿಲ್ಲ; ಅದರ ಸ್ಥಾನವನ್ನೂ ವ್ಯಾಪಾರವನ್ನೂ ವಿವೇಚಿಸಿದರು. ಕಠೋಪನಿಷತ್ತು ಶರೀರವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ಕಡಿವಾಣಕ್ಕೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿತು. ಸಾಂಖ್ಯರು ಅಂತಃಕರಣವನ್ನು ಬುದ್ಧಿ, ಅಹಂಕಾರ, ಮನಸ್ಸು ಎಂದು ಮೂರಾಗಿ ವಿಂಗಡಿಸಿದರು. ಪತಂಜಲಿಯು ಪ್ರಮಾಣ, ವಿಪರ್ಯಯ, ವಿಕಲ್ಪ, ನಿದ್ರೆ, ಸ್ಮೃತಿ ಎಂದು ಐದು ಚಿತ್ತವೃತ್ತಿಗಳನ್ನು ಎಣಿಸಿದನು. ಒಂದೇ ಕ್ಷಣದಲ್ಲಿ ಎರಡು ಜ್ಞಾನಗಳು ಹುಟ್ಟಲಾರವೆಂಬ ಅನುಭವವನ್ನೇ ಆಧಾರವಾಗಿಟ್ಟುಕೊಂಡು ನೈಯಾಯಿಕರು ಮನಸ್ಸು ಅಣುಪ್ರಮಾಣವಾದುದೆಂದು ಸಾಧಿಸಿದರು. ಗ್ರೀಸಿನಲ್ಲಿ ಅರಿಸ್ಟಾಟಲನು ಆತ್ಮವನ್ನು ಸಜೀವ ಶರೀರದ ರೂಪವೆಂದು ಬಗೆದು, ಸ್ಮೃತಿ-ಸ್ವಪ್ನಗಳನ್ನು ಕುರಿತು ಪ್ರತ್ಯೇಕ ಪ್ರಬಂಧಗಳನ್ನೇ ಬರೆದನು. ಇವರೆಲ್ಲರ ಸಾಧನಗಳು ಅವಲೋಕನ ಹಾಗೂ ತರ್ಕ, ಸಂಖ್ಯೆಯಲ್ಲ.

ಸಂಖ್ಯೆಯು ಪ್ರವೇಶಿಸಿದ್ದು ಜರ್ಮನಿಯಲ್ಲಿ. 1860ರಲ್ಲಿ ಫೆಕ್ನರನು ಪ್ರಚೋದನೆಗೂ ಸಂವೇದನೆಗೂ ಇರುವ ಸಂಬಂಧವನ್ನು ಗಣಿತಸೂತ್ರದಲ್ಲಿ ಹಿಡಿಯಲೆಳಸಿದನು. 1879ರಲ್ಲಿ ವುಂಟನು ಲೈಪ್‌ಜಿಗ್ ನಗರದಲ್ಲಿ ಪ್ರಯೋಗಶಾಲೆಯನ್ನು ತೆರೆದನು. ಆ ವಿದ್ಯೆಯು 1916ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯಕ್ಕೂ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರ ಮೂಲಕ 1924ರಲ್ಲಿ ಮೈಸೂರಿಗೂ ಬಂದಿತು.

ಈ ಮಧ್ಯೆ ಫ್ರಾನ್ಸಿನಲ್ಲಿ ಬಿನೆಯು ಸಿಮೋನನೊಡನೆ, ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗಲೆಂದು 1905ರಲ್ಲಿ ಪ್ರಶ್ನಮಾಲಿಕೆಯೊಂದನ್ನು ರಚಿಸಿದನು. ಇಂಥ ಪರೀಕ್ಷೆಯ ತತ್ವ ಸರಳವಾದುದು. ಒಂದು ವಯಸ್ಸಿನ ಬಹುಸಂಖ್ಯೆಯ ಮಕ್ಕಳು ಉತ್ತರಿಸಬಲ್ಲ ಪ್ರಶ್ನೆಯು ಆ ವಯಸ್ಸಿನದು. ಹತ್ತು ವರ್ಷದ ಬಾಲಕನು ಎಂಟರ ಮಟ್ಟದವರೆಗೆ ಮಾತ್ರ ಉತ್ತರಿಸಿದರೆ ಅವನ ಮಾನಸಿಕ ವಯಸ್ಸು ಎಂಟು. ಅದನ್ನು ನಿಜವಯಸ್ಸಿನಿಂದ ಭಾಗಿಸುವದನ್ನು ಸ್ಟರ್ನನು 1912ರಲ್ಲಿ ಸೂಚಿಸಿದನು. ನೂರರಿಂದ ಗುಣಿಸುವ ರೂಢಿಯನ್ನು ಟರ್ಮನ್ನನು 1916ರಲ್ಲಿ ಬಳಕೆಗೆ ತಂದನು. ಈ ಬಾಲಕನ ಬುದ್ಧಿಲಬ್ಧವು 80 ಆಯಿತು. ಆದರೆ ಬುದ್ಧಿಯು ಹೆಚ್ಚಲಾರದ ಸ್ಥಿರಮೊತ್ತವೆಂಬ ಮತವನ್ನು ಬಿನೆಯೇ ಖಂಡಿಸಿದ್ದನು.

ಈ ಎಚ್ಚರಿಕೆಯನ್ನು ಮರೆತುದರ ಫಲವು ಅಮೇರಿಕದಲ್ಲಿ ಕಂಡಿತು. 1913ರಲ್ಲಿ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದಿಳಿದ ವಲಸೆಗಾರರನ್ನು ಗಾಡ್ಡರ್ಡನ ಸಹಾಯಕರು ದುಭಾಷಿಗಳ ಮುಖಾಂತರ ಪರೀಕ್ಷಿಸಿದರು; ಪರೀಕ್ಷೆಗೊಳಗಾದವರಲ್ಲಿ ಬಹುಮಂದಿ ಮಂದಮತಿಗಳೆಂದು ಲೆಕ್ಕ ಬಂದಿತು. ಅಳೆದದ್ದು ಬುದ್ಧಿಯನ್ನೋ, ಪರಕೀಯತೆಯನ್ನೋ?

ಇದಕ್ಕೆ ಪ್ರತಿಯಾಗಿ ನಿಲ್ಲುವಂಥದು ಡಾ. ವಿ. ವಿ. ಕಾಮತರ ಕಾರ್ಯ. ಅವರು ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆಯ ಮಾಪಕವನ್ನು ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅದನ್ನು ವಿವರಿಸುವ ಗ್ರಂಥವು ಹೊರಬಂದಿತು. ಇದು ಬರಿಯ ಭಾಷಾಂತರವಲ್ಲ. ಶಬ್ದ ಬದಲಾದರೆ ಪ್ರಶ್ನೆಯ ಕಾಠಿಣ್ಯವೂ ಬದಲಾಗುವದು. ಅಲ್ಲಿ ಏಳು ವರ್ಷಕ್ಕೆ ಸಲ್ಲುವ ಪ್ರಶ್ನೆ ಇಲ್ಲಿ ಒಂಬತ್ತಕ್ಕೆ ಸಲ್ಲಬಹುದು. ಪರದೇಶದ ನಾಣ್ಯವನ್ನು ಇಲ್ಲಿಯ ಪೇಟೆಯಲ್ಲಿ ಅದರ ಮುಖಬೆಲೆಗೇ ಎಣಿಸಲಾಗದು. ಆದುದರಿಂದ ಈ ನೆಲದ ಮಕ್ಕಳನ್ನೇ ಪರೀಕ್ಷಿಸಿ ಪ್ರಶ್ನೆಗಳ ಸ್ಥಾನವನ್ನು ಹೊಸದಾಗಿ ಗೊತ್ತುಮಾಡಬೇಕಾಗುವದು. ಬಿನೆ-ಕಾಮತ ಪರೀಕ್ಷೆಯೆಂದು ಇದು ದೇಶದಲ್ಲೆಲ್ಲ ಹೆಸರಾಯಿತು.

ಪುಣೆಯಲ್ಲಿ ಈ ಪರಂಪರೆಯು ಇನ್ನೊಂದು ತಿರುವನ್ನು ಪಡೆಯಿತು. ಡಾ. ವಿ. ವಿ. ಪೆಂಡಸೆಯವರು 1962ರಲ್ಲಿ ಸ್ಥಾಪಿಸಿದ, ಸದಾಶಿವ ಪೇಠದಲ್ಲಿರುವ ಜ್ಞಾನಪ್ರಬೋಧಿನಿಯು ಪ್ರತಿಭಾವಂತ ವಿದ್ಯಾರ್ಥಿಗಳನ್ನು ಹುಡುಕಿ ಬೆಳೆಯಿಸುವದನ್ನು ಧ್ಯೇಯವಾಗಿರಿಸಿಕೊಂಡಿತು. ಬುದ್ಧಿಯು ಒಂದಲ್ಲ, ಅನೇಕ ಶಕ್ತಿಗಳ ಸಮುದಾಯವೆಂಬ ಗಿಲ್ಫರ್ಡನ ಸಿದ್ಧಾಂತವನ್ನನುಸರಿಸಿ ಅಲ್ಲಿ ಪರೀಕ್ಷೆಗಳು ರಚಿತವಾದವು. ಹಿಂದುಳಿದವನನ್ನು ಗುರುತಿಸಲು ಹುಟ್ಟಿದ ಸಾಧನವು ಮುಂದಿರುವವನನ್ನು ಅರಸಲೂ ನೆರವಾಯಿತು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪಾಠದಲ್ಲಿ ಇಂಗ್ಲಿಷು ಎಂದು ಬೆಳೆಯುವ ಕೂಸನ್ನು ಯಾವ ಭಾಷೆಯಲ್ಲಿ ಪರೀಕ್ಷಿಸಬೇಕು? ಒಂದೇ ಭಾಷೆಯಲ್ಲಿ ಪಡೆದ ಅಂಕವು ಆ ಭಾಷೆಯಲ್ಲಿ, ಆ ದಿನ ಆ ಕೂಸು ತೋರಿದ ಸಾಮರ್ಥ್ಯವನ್ನಷ್ಟೇ ಹೇಳೀತು. ಪಾಲಕರಾಗಲಿ ಶಿಕ್ಷಕರಾಗಲಿ ಅದನ್ನು ವಿಧಿಲಿಖಿತವೆಂದು ಬಗೆಯತಕ್ಕದ್ದಲ್ಲ. ಸಾರಥಿಯ ಕುಶಲತೆಯನ್ನು ನಿರ್ಣಯಿಸುವ ಮೊದಲು ಅವನಿಗೆ ಆ ದಾರಿಯ ಪರಿಚಯವಿದೆಯೇ ಎಂದು ವಿಚಾರಿಸುವದು ನ್ಯಾಯ.